ಶಮೋನಿಯ ಹಿಮ, ನಾರ್ವೆಯ ಲೆಕ್ಕ

ಸ್ವಿಟ್ಜರ್ಲೆಂಡಿನ ಜಿನೀವಾ ನಗರದಿಂದ ಆರ್ವ್ ನದಿಯ ಜಾಡು ಹಿಡಿದು ಮೇಲಕ್ಕೆ ಹೊರಟರೆ, ಸುಮಾರು 80 ಕಿಲೋಮೀಟರ್ ದೂರದಲ್ಲಿ, ಫ್ರಾನ್ಸಿನ ನೆಲದಲ್ಲಿ, ಶಮೋನಿ ಎಂಬ ಊರು ಸಿಗುತ್ತದೆ. ಸಮುದ್ರಮಟ್ಟದಿಂದ 1035 ಮೀಟರ್ ಎತ್ತರ. ಊರು ದೊಡ್ಡದೇನಲ್ಲ. ಆದರೆ ಅದರ ನೆತ್ತಿಯ ಮೇಲೆ 4800 ಮೀಟರ್ ದಾಟಿದ ಮೌಂಟ್ ಬ್ಲಾಂಕ್ ಶಿಖರ ನಿಂತಿದೆ. ಮೋಂ ಬ್ಲಾಂ ಎಂಬುದು ಫ್ರೆಂಚರ ಉಚ್ಚಾರ. ಬಿಳಿಯ ಬೆಟ್ಟ ಎಂಬುದೇ ಅದರ ಅರ್ಥ. ಊರಿನ ಚೌಕದಲ್ಲಿ ನಿಂತು ಶಿಖರ ನೋಡಬೇಕಾದರೆ ಕತ್ತನ್ನು ಚೆನ್ನಾಗಿಯೇ ಹಿಂದಕ್ಕೆ ಬಾಗಿಸಬೇಕು. 1786ರ ಆಗಸ್ಟ್ 8ರಂದು ಈ ಊರಿನವರೇ ಆದ ಜಾಕ್ ಬಾಲ್ಮಾ ಮತ್ತು ವೈದ್ಯ ಮಿಶೆಲ್ ಪಕ್ಕಾರ್ ಮೊದಲ ಬಾರಿಗೆ ಅದನ್ನು ಏರಿದರು. ಅಂದಿನಿಂದ ಬೆಟ್ಟ ಹತ್ತಲು ಬರುವವರ ಸಾಲು ನಿಂತಿಲ್ಲ. 1901ರಲ್ಲಿ ರೈಲು ಬಂತು, 1955ರಲ್ಲಿ 3842 ಮೀಟರ್ ಎತ್ತರದ ಎಗ್ವಿ ದ್ಯು ಮಿದಿ ಎಂಬ ಚೂಪು ಶಿಖರಕ್ಕೆ ರೋಪ್‌ವೇ ಬಂತು, 1965ರಲ್ಲಿ ಬೆಟ್ಟದ ಹೊಟ್ಟೆಯನ್ನೇ ಕೊರೆದು ಇಟಲಿಗೆ ಹೋಗುವ ಸುರಂಗ ರಸ್ತೆಯೂ ಬಂತು.

ಪ್ರವಾಸಿಗಳು ಇವನ್ನೆಲ್ಲ ತಪ್ಪದೆ ನೋಡುತ್ತಾರೆ. ಪೇಟೆಯಿಂದ ಮೂರು ಕಿಲೋಮೀಟರಿನಷ್ಟು ಕೆಳಗೆ ಲೆ ಬೊಸ್ಸೋಂ ಎಂಬ ಹಳ್ಳಿಯ ಬಳಿ ಇರುವ ಹಳೆಯ ಸ್ಕೀ ಜಿಗಿತದ ಇಳಿಜಾರನ್ನು ಮಾತ್ರ ಹುಡುಕಿಕೊಂಡು ಹೋಗುವವರು ಕಡಿಮೆ. ಬೇಸಿಗೆಯಲ್ಲಿ ಅದು ಹುಲ್ಲು ಬೆಳೆದ ಒಂದು ಕಡಿದಾದ ಓರೆ ಅಷ್ಟೆ. ಚಳಿಗಾಲದ ಒಲಿಂಪಿಕ್ಸ್‌ನ ಮೊಟ್ಟಮೊದಲ ಸ್ಕೀ ಜಿಗಿತ ನಡೆದದ್ದು ಇಲ್ಲಿ. ಒಂದು ಲೆಕ್ಕ ತಪ್ಪಿದ್ದೂ ಇಲ್ಲಿಯೇ. ಆ ಲೆಕ್ಕ ಸರಿಹೋಗಲು ಐವತ್ತು ವರ್ಷ ಹಿಡಿಯಿತು.

1924ರ ಜನವರಿ 25ರಿಂದ ಫೆಬ್ರವರಿ 5ರವರೆಗೆ ಶಮೋನಿಯಲ್ಲಿ ಒಂದು ಕ್ರೀಡಾಕೂಟ ನಡೆಯಿತು. ಆಗ ಅದರ ಹೆಸರಿನಲ್ಲಿ ಒಲಿಂಪಿಕ್ಸ್ ಎಂಬ ಪದವೇ ಇರಲಿಲ್ಲ. ‘ಅಂತರರಾಷ್ಟ್ರೀಯ ಚಳಿಗಾಲದ ಕ್ರೀಡಾ ಸಪ್ತಾಹ’ ಎಂದು ಕರೆದರು. ಬಂದವು ಹದಿನಾರು ದೇಶಗಳು. ಎರಡು ವರ್ಷಗಳ ಬಳಿಕ, 1926ರಲ್ಲಿ, ಒಲಿಂಪಿಕ್ ಸಮಿತಿ ಅದನ್ನು ಮೊದಲ ಚಳಿಗಾಲದ ಒಲಿಂಪಿಕ್ಸ್ ಎಂದು ಹಿಂದಿನಿಂದ ಜಾರಿಗೆ ಬರುವಂತೆ ಒಪ್ಪಿಕೊಂಡಿತು. ಮಗುವಿಗೆ ಹುಟ್ಟಿದ ಎರಡು ವರ್ಷದ ಮೇಲೆ ನಾಮಕರಣವಾದ ಹಾಗೆ.

ಹೆಸರಿಡಲು ಇಷ್ಟು ಹಿಂಜರಿದದ್ದೇಕೆ? ನಾರ್ವೆ, ಸ್ವೀಡನ್ ದೇಶಗಳಿಗೆ ಈ ಕೂಟ ಬೇಕಾಗಿರಲಿಲ್ಲ. ಸ್ಕೀ ಎಂದರೆ ಅವರಿಗೆ ಆಟವಷ್ಟೇ ಅಲ್ಲ. ವರ್ಷದಲ್ಲಿ ಅರ್ಧಕಾಲ ಹಿಮ ಮುಚ್ಚುವ ನಾಡಿನಲ್ಲಿ ಒಂದು ಹಳ್ಳಿಯಿಂದ ಇನ್ನೊಂದಕ್ಕೆ ಹೋಗುವ ದಾರಿಯೇ ಅದು. ಸ್ವೀಡನ್ನಿನಲ್ಲಿ 1901ರಿಂದ ನಾರ್ಡಿಕ್ ಕ್ರೀಡಾಕೂಟ ನಡೆಯುತ್ತಿತ್ತು. ನಾರ್ವೆಗೆ ತನ್ನ ರಾಜಧಾನಿಯ ಪಕ್ಕದ ಹೋಲ್ಮೆನ್‌ಕೋಲೆನ್ ಬೆಟ್ಟದ ಸ್ಪರ್ಧೆಗಳೇ ದೊಡ್ಡವು. ನಮ್ಮ ಮನೆಯ ಆಟವನ್ನು ಆಲ್ಪ್ಸ್ ಪರ್ವತದ ಹೋಟೆಲುಗಳವರು ಒಯ್ದು ಮೆರೆಸುವುದೇಕೆ ಎಂಬ ಭಾವನೆ ಅಲ್ಲಿ ಬಲವಾಗಿತ್ತು. ನಾರ್ವೆ ಸ್ವೀಡನ್ನಿನಿಂದ ಬೇರೆಯಾಗಿ ಸ್ವತಂತ್ರ ರಾಜ್ಯವಾದದ್ದೇ 1905ರಲ್ಲಿ. ಹೊಸ ದೇಶಕ್ಕೆ ತನ್ನದೆಂದು ಎದೆತಟ್ಟಿ ಹೇಳಿಕೊಳ್ಳುವ ಸಂಗತಿಗಳು ಕೆಲವೇ ಇರುತ್ತವೆ. ನಾರ್ವೆಯ ಪಾಲಿಗೆ ಸ್ಕೀ ಅಂಥದೊಂದು. ಹೊರಗೆ ಹೋಗಿ ಸೋತರೆ ಏನು ಗತಿ ಎಂಬ ಅಳುಕೂ ಇದ್ದಿರಬೇಕು. ಕೊನೆಗೆ ಒಲ್ಲದ ಮನಸ್ಸಿನಿಂದಲೇ ಒಂದು ಪುಟ್ಟ ತಂಡ ಹೊರಟಿತು.

ಅತ್ತ ಶಮೋನಿಯವರ ಪಾಡೂ ಸುಖದ್ದಾಗಿರಲಿಲ್ಲ. ಸ್ಕೇಟಿಂಗಿಗಾಗಿ 36,000 ಚದರ ಮೀಟರ್ ವಿಸ್ತಾರದ ಬಯಲಿಗೆ ನೀರು ಹಾಯಿಸಿ ಹೆಪ್ಪುಗಟ್ಟಿಸಬೇಕಾಗಿತ್ತು. ಕೃತಕವಾಗಿ ತಂಪು ಮಾಡುವ ಯಂತ್ರಗಳಿಲ್ಲ. ಎಲ್ಲವೂ ಆಕಾಶದ ಕೃಪೆ. ಡಿಸೆಂಬರ್ ಕೊನೆಯ ವಾರದಲ್ಲಿ ಒಂದೇ ಸಮನೆ ಹಿಮ ಸುರಿದು ಬಯಲು ಮುಚ್ಚಿಹೋಯಿತು. ನೂರಾರು ಜನ ಸಲಿಕೆ ಹಿಡಿದು ಅದನ್ನು ಎತ್ತಿಹಾಕಿದರು. ಜನವರಿಯಲ್ಲಿ ಹವೆ ಬದಲಾಗಿ ಮಳೆ ಹೊಯ್ದಿತು, ಬಯಲು ಕೆರೆಯಾಯಿತು. ಉದ್ಘಾಟನೆಗೆ ಕೆಲವೇ ದಿನಗಳಿರುವಾಗ ಕೊರೆಯುವ ಚಳಿ ಮರಳಿ ಬಂದು ನೀರು ಕಲ್ಲಾಯಿತು. ವ್ಯವಸ್ಥಾಪಕರು ಅಂದು ರಾತ್ರಿ ಹೇಗೆ ನಿದ್ದೆ ಮಾಡಿದರೋ!

ಆ ಮಂಜುಗಡ್ಡೆಯ ಮೇಲೆ ಜನವರಿ 26ರಂದು ಮೊದಲ ಸ್ಪರ್ಧೆ, 500 ಮೀಟರ್ ಸ್ಕೇಟಿಂಗ್. ನಾರ್ವೆಯವರು ಗೆಲ್ಲಬಹುದೆಂದು ನಂಬಿದ್ದ ಓಟ. ಗೆದ್ದದ್ದು ಅಮೆರಿಕದ ಚಾರ್ಲ್ಸ್ ಜೂಟ್ರಾ, 44 ಸೆಕೆಂಡಿನಲ್ಲಿ. ನಾರ್ವೆಯ ಓಸ್ಕರ್ ಓಲ್ಸೆನ್ ಕೇವಲ 0.2 ಸೆಕೆಂಡ್ ಹಿಂದೆ ಬಿದ್ದ. ಉಳಿದ ಸ್ಕೇಟಿಂಗ್ ಚಿನ್ನಗಳೆಲ್ಲ ಫಿನ್ಲೆಂಡಿನ ಪಾಲಾದವು. ಕ್ಲಾಸ್ ಥುನ್‌ಬೆರ್ಗ್ ಒಬ್ಬನೇ ಮೂರು ಒಯ್ದ. ನಾರ್ವೆಯ ರೋಲ್ಡ್ ಲಾರ್ಸೆನ್‌ಗೆ ಎರಡು ಬೆಳ್ಳಿ, ಮೂರು ಕಂಚು ಸೇರಿ ಐದು ಪದಕ ಬಂದರೂ ಚಿನ್ನ ಒಂದೂ ಇಲ್ಲ.

ಇಲ್ಲಿ ವಿದ್ಯಾರ್ಥಿಗಳಿಗೆ ಒಂದು ಮಾತು. ಸ್ಕೇಟಿನ ಅಲಗು ಮಂಜುಗಡ್ಡೆಯ ಮೇಲೆ ಜಾರುವುದೇಕೆ ಎಂದು ಕೇಳಿದರೆ, ಒತ್ತಡದಿಂದ ಮಂಜುಗಡ್ಡೆ ಕರಗುತ್ತದೆ ಎಂದು ಎಷ್ಟೋ ಪುಸ್ತಕಗಳು ಹೇಳುತ್ತವೆ. ಒತ್ತಡ ಹೆಚ್ಚಿದರೆ ಮಂಜುಗಡ್ಡೆಯ ಕರಗುವ ಬಿಂದು ಇಳಿಯುತ್ತದೆ ಎಂಬುದೇನೋ ನಿಜವೇ. ಆದರೆ ಎಷ್ಟು? ಒಂದು ವಾಯುಭಾರಕ್ಕೆ 0.007 ಡಿಗ್ರಿ ಸೆಲ್ಸಿಯಸ್‌ನಷ್ಟು ಮಾತ್ರ. 60 ಕಿಲೋ ತೂಕದ ಆಟಗಾರ ಎರಡೂವರೆ ಚದರ ಸೆಂಟಿಮೀಟರ್ ಅಲಗಿನ ಮೇಲೆ ನಿಂತರೆ ಬೀಳುವ ಒತ್ತಡ ಸುಮಾರು 24 ವಾಯುಭಾರ. ಗುಣಿಸಿ ನೋಡಿ, 0.2 ಡಿಗ್ರಿಯೂ ಆಗುವುದಿಲ್ಲ. ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿರುವ ಮಂಜುಗಡ್ಡೆಯನ್ನು ಅದು ಕರಗಿಸಲಾರದು. ನಿಜವಾಗಿ ನೆರವಾಗುವುದು ತಿಕ್ಕಾಟದ ಶಾಖ. ಜೊತೆಗೆ ಮಂಜುಗಡ್ಡೆಯ ಮೇಲ್ಮೈಯ ಅಣುಗಳು ಒಳಗಿನವುಗಳಷ್ಟು ಬಿಗಿಯಾಗಿ ಹೆಣೆದುಕೊಂಡಿರುವುದಿಲ್ಲ. ಅಲ್ಲೊಂದು ತೆಳುಪೊರೆ ನೀರಿನಂತೆಯೇ ವರ್ತಿಸುತ್ತದೆಂದು ಮೈಕೇಲ್ ಫ್ಯಾರಡೆ 1850ರಷ್ಟು ಹಿಂದೆಯೇ ಊಹಿಸಿದ್ದ. ಅಚ್ಚಾದ ಮಾತನ್ನೂ ಒಮ್ಮೆ ಲೆಕ್ಕ ಹಾಕಿ ನೋಡುವುದು ಒಳ್ಳೆಯದು.

ನಾರ್ವೆಯ ತಂಡದಲ್ಲಿ ಇನ್ನೂ ಹನ್ನೆರಡು ತುಂಬದ ಒಬ್ಬ ಹುಡುಗಿಯಿದ್ದಳು. ಹೆಸರು ಸೋನಿಯಾ ಹೆನಿ. ಕಲಾತ್ಮಕ ಸ್ಕೇಟಿಂಗಿನಲ್ಲಿ ಇದ್ದವರು ಎಂಟು ಜನ. ಇವಳದು ಎಂಟನೆಯ ಸ್ಥಾನ. ನಡುನಡುವೆ ಅಂಚಿಗೆ ಬಂದು, ಮುಂದೇನು ಮಾಡಲಿ ಎಂದು ತರಬೇತುದಾರರನ್ನು ಕೇಳುತ್ತಿದ್ದಳೆಂದು ಹೇಳುತ್ತಾರೆ. 1928, 1932, 1936ರ ಮೂರೂ ಕೂಟಗಳಲ್ಲಿ ಇದೇ ಸೋನಿಯಾ ಚಿನ್ನ ಗೆದ್ದಳು. ಮೊದಲ ಪರೀಕ್ಷೆಯಲ್ಲಿ ಕೊನೆಯವರಾಗಿ ಬಂದ ಮಕ್ಕಳ ತಂದೆ ತಾಯಿಯರು ಇದನ್ನು ನೆನಪಿಟ್ಟುಕೊಳ್ಳಬಹುದು.

ಸ್ಕೀ ಸ್ಪರ್ಧೆಗಳ ಸರದಿ ಬಂದಾಗ ನಾರ್ವೆಯ ಅಳುಕೆಲ್ಲ ಹಾರಿಹೋಯಿತು. ಜನವರಿ 30ರಂದು 50 ಕಿಲೋಮೀಟರ್ ಓಟ. ಏರು, ಇಳಿವು, ಕಾಡು, ಎದುರುಗಾಳಿ. ಕಾಲಿಗೆ ಮರದ ಉದ್ದನೆಯ ಸ್ಕೀ ಹಲಗೆಗಳು. ಥೋರ್ಲೀಫ್ ಹೌಗ್ 3 ಗಂಟೆ 44 ನಿಮಿಷ 32 ಸೆಕೆಂಡಿನಲ್ಲಿ ಮುಗಿಸಿದ. ಎರಡನೆಯವನು ತೊರಾಲ್ಫ್ ಸ್ಟ್ರೋಮ್‌ಸ್ಟಾಡ್, ಮೂರನೆಯವನು ಯೋಹಾನ್ ಗ್ರೋಟುಮ್ಸ್‌ಬ್ರೋಟೆನ್, ನಾಲ್ಕನೆಯವನೂ ನಾರ್ವೆಯವನೇ. ಫೆಬ್ರವರಿ 2ರ 18 ಕಿಲೋಮೀಟರ್ ಓಟದಲ್ಲೂ ಹೌಗ್ ಮೊದಲಿಗ. ಓಟ ಮತ್ತು ಜಿಗಿತ ಎರಡನ್ನೂ ಕೂಡಿಸಿ ಅಂಕ ಕೊಡುವ ಸಂಯುಕ್ತ ಸ್ಪರ್ಧೆಯಲ್ಲಿಯೂ ಅವನೇ. ಅಲ್ಲೂ ಮೊದಲ ನಾಲ್ಕು ಸ್ಥಾನ ನಾರ್ವೆಗೆ. ಓಸ್ಲೋ ಸಮೀಪದ ಡ್ರಾಮೆನ್ ಕಡೆಯ ಈ ಯುವಕ ಒಂದು ವಾರದೊಳಗೆ ಮೂರು ಚಿನ್ನ ಗಳಿಸಿ ದೇಶದ ಕಣ್ಮಣಿಯಾದ.

ಉಳಿದದ್ದು ಜಿಗಿತ. ಫೆಬ್ರವರಿ 4ರಂದು ಬೊಸ್ಸೋಂನ ಇಳಿಜಾರಿನಲ್ಲಿ ಅದು ನಡೆಯಿತು.

ಈ ಆಟದ ಪರಿಚಯ ಇಲ್ಲದವರಿಗಾಗಿ: ಆಟಗಾರ ಎತ್ತರದಿಂದ ಜಾರಿಕೊಂಡು ಬಂದು ಅಂಚಿನಲ್ಲಿ ಚಿಮ್ಮಿ, ಗಾಳಿಯಲ್ಲಿ ಸಾಗಿ, ಕೆಳಗಿನ ಓರೆಯ ಮೇಲೆ ಇಳಿಯುತ್ತಾನೆ. ಎಷ್ಟು ದೂರ ಜಿಗಿದ ಎಂಬುದೊಂದೇ ಸಾಲದು. ಗಾಳಿಯಲ್ಲಿ ಮೈ ಹೇಗಿತ್ತು, ನೆಲ ಮುಟ್ಟಿದಾಗ ತೂರಾಡಿದನೇ ಎಂದು ತೀರ್ಪುಗಾರರು ಭಂಗಿಗೂ ಅಂಕ ಹಾಕುತ್ತಾರೆ. ಎರಡು ಜಿಗಿತಗಳ ದೂರ, ತೀರ್ಪುಗಾರರು ಕೊಟ್ಟ ಅಂಕ, ಎಲ್ಲವನ್ನೂ ಕೂಡಿ, ಭಾಗಿಸಿ, ಮೂರು ದಶಮಾಂಶ ಸ್ಥಾನಗಳವರೆಗೆ ಫಲಿತಾಂಶ ಬರೆಯಬೇಕು. ಇದೆಲ್ಲ ಆಗ ಕಾಗದ, ಪೆನ್ಸಿಲ್ಲಿನ ಕೆಲಸ.

ಚಿನ್ನ ನಾರ್ವೆಯ ಯಾಕೋಬ್ ತುಲಿನ್ ಥಾಮ್ಸ್‌ಗೆ, 18.960 ಅಂಕ. ಬೆಳ್ಳಿ ಅದೇ ದೇಶದ ನಾರ್ವೆ ಬೋನ್ನಾಗೆ, 18.689. (ಆಟಗಾರನ ಹೆಸರೂ ಕನ್ನಡದಲ್ಲಿ ದೇಶದ ಹೆಸರಿನಂತೆಯೇ ಆಗುತ್ತದೆ, ಅಚ್ಚಿನ ತಪ್ಪಲ್ಲ.) ಮೂರನೆಯದು ಸರಿಯಾಗಿ 18.000 ಎಂದು ಥೋರ್ಲೀಫ್ ಹೌಗ್‌ಗೆ ಬಂತು. ನಾಲ್ಕನೆಯವನು ಅಮೆರಿಕದ ಆಂಡರ್ಸ್ ಹೌಗೆನ್, 17.916.

ಅಂದಿನ ಸ್ಪರ್ಧೆಯ ಅತಿ ಉದ್ದದ ಜಿಗಿತ, 50 ಮೀಟರ್, ಈ ಹೌಗೆನ್‌ನದು. ಭಂಗಿಯಲ್ಲಿ ಅಂಕ ಹೋಯಿತು. ಆತ ಅಮೆರಿಕದ ಪರವಾಗಿ ಬಂದಿದ್ದರೂ ಹುಟ್ಟಿದ್ದು ನಾರ್ವೆಯ ಟೆಲೆಮಾರ್ಕ್ ಪ್ರಾಂತದಲ್ಲಿ, 1888ರಲ್ಲಿ. ಇಪ್ಪತ್ತರ ಹರೆಯದಲ್ಲಿ ಸೋದರ ಲಾರ್ಸ್‌ನಂತೆಯೇ ಹಡಗು ಹತ್ತಿ ಅಮೆರಿಕಕ್ಕೆ ಹೋದ. ಹೋಗುವಾಗ ಸ್ಕೀ ವಿದ್ಯೆಯನ್ನೂ ಒಯ್ದ. ಶಮೋನಿಗೆ ಅಮೆರಿಕದ ಸ್ಕೀ ತಂಡದ ನಾಯಕನಾಗಿ ಬಂದಾಗ ವಯಸ್ಸು 35. ಹೆಸರುಗಳನ್ನು ಗಮನಿಸಿ. ನಾರ್ವೆಯ ಭಾಷೆಯಲ್ಲಿ ಹೌಗ್ ಎಂದರೆ ದಿಬ್ಬ; ಹೌಗೆನ್ ಎಂದರೆ ಆ ದಿಬ್ಬ. ಒಂದೇ ನೆಲದ, ಒಂದೇ ಹೆಸರಿನ ಇಬ್ಬರು ಬೇರೆ ಬೇರೆ ಬಾವುಟಗಳಡಿ ನಿಂತಿದ್ದರು. ನಡುವೆ ಇದ್ದದ್ದು 0.084 ಅಂಕದ ಅಂತರ.

ಫಲಿತಾಂಶ ಓದಿದರು, ಪದಕ ಹಂಚಿದರು, ಎಲ್ಲರೂ ಊರಿಗೆ ಹೋದರು. ನಾಲ್ಕು ಚಿನ್ನದೊಂದಿಗೆ ಹದಿನೆಂಟು ಪದಕ ಎಂದು ನಾರ್ವೆಯ ಲೆಕ್ಕ ಬರೆಯಲಾಯಿತು. ಚಳಿಗಾಲದ ಒಲಿಂಪಿಕ್ಸ್ ಬೇಡವೆಂದಿದ್ದ ದೇಶ ಇನ್ನು ಬೇಡವೆನ್ನುವ ಹಾಗಿರಲಿಲ್ಲ. ಹೌಗ್ ಬಹುಕಾಲ ಬಾಳಲಿಲ್ಲ. 1934ರ ಡಿಸೆಂಬರಿನಲ್ಲಿ ನ್ಯುಮೋನಿಯಾದಿಂದ ತೀರಿಕೊಂಡಾಗ ಅವನಿಗೆ ನಲವತ್ತು ವರ್ಷ. ಡ್ರಾಮೆನ್‌ನಲ್ಲಿ ಅವನ ಪ್ರತಿಮೆ ನಿಲ್ಲಿಸಿದರು.

ಆ ಇಳಿಜಾರಿನ ಬುಡದಿಂದ ತಲೆಯೆತ್ತಿದರೆ ಬೊಸ್ಸೋಂ ಹಿಮನದಿ ಕಾಣುತ್ತದೆ. ಮೌಂಟ್ ಬ್ಲಾಂಕಿನ ನೆತ್ತಿಯಿಂದ ಕಣಿವೆಯತ್ತ ಇಳಿಯುವ ನೀಲಿಬಿಳುಪಿನ ಮಂಜುಗಡ್ಡೆಯ ನದಿ ಅದು. ನದಿ ಎಂದದ್ದು ಅಲಂಕಾರಕ್ಕಲ್ಲ, ನಿಜಕ್ಕೂ ಅದು ಹರಿಯುತ್ತದೆ. 1820ರ ಆಗಸ್ಟಿನಲ್ಲಿ ರಷ್ಯಾದಿಂದ ಬಂದಿದ್ದ ಡಾಕ್ಟರ್ ಹಾಮೆಲ್ ಅವರ ತಂಡ ಶಿಖರ ಏರುತ್ತಿದ್ದಾಗ ಹಿಮ ಕುಸಿದು ಊರಿನ ಮೂವರು ಮಾರ್ಗದರ್ಶಿಗಳು ಬಿರುಕಿನೊಳಗೆ ಬಿದ್ದು ಸತ್ತರು. ಸ್ಕಾಟ್ಲೆಂಡಿನ ಭೌತವಿಜ್ಞಾನಿ ಜೇಮ್ಸ್ ಫೋರ್ಬ್ಸ್ 1842ರಲ್ಲಿ ಪಕ್ಕದ ಮೇರ್ ದ ಗ್ಲಾಸ್ ಹಿಮನದಿಯ ವೇಗವನ್ನು ಅಳೆದವರು. ಮುಳುಗಿದ ದೇಹಗಳು ಬಿದ್ದಾಗಿನಿಂದ ನಲವತ್ತು ವರ್ಷದ ಆಸುಪಾಸಿನಲ್ಲಿ ಬೊಸ್ಸೋಂನ ತುದಿಯಲ್ಲಿ ಹೊರಬರುತ್ತವೆಂದು ಅವರು ಲೆಕ್ಕ ಹಾಕಿ ಹೇಳಿದರು. 1861ರಲ್ಲಿ ಅವಶೇಷಗಳು ಹೊರಬಂದವು. ದುರಂತದಲ್ಲಿ ಬದುಕುಳಿದಿದ್ದವರಲ್ಲಿ ಕೆಲವರು ಆಗಲೂ ಇದ್ದರು. ಮುದುಕರಾಗಿದ್ದ ಅವರ ಮುಂದೆ ಹಿಮನದಿ ಅವರ ಗೆಳೆಯರ ಗುರುತುಗಳನ್ನು ತಂದಿಟ್ಟಿತು.

ಈ ಹಿಮನದಿಗೆ ಭಾರತದ ನಂಟೂ ಇದೆ, ದುಃಖದ ನಂಟು. 1950ರ ನವೆಂಬರ್ 3ರಂದು ಏರ್ ಇಂಡಿಯಾದ ‘ಮಲಬಾರ್ ಪ್ರಿನ್ಸೆಸ್’ ವಿಮಾನ ಶಿಖರದ ಸಮೀಪ ಅಪ್ಪಳಿಸಿ 48 ಜನ ಸತ್ತರು. 1966ರ ಜನವರಿ 24ರಂದು ಅದೇ ಸಂಸ್ಥೆಯ ‘ಕಾಂಚನಜಂಗಾ’ ಎಂಬ ಬೋಯಿಂಗ್ ವಿಮಾನ ಹೆಚ್ಚುಕಡಿಮೆ ಅದೇ ಜಾಗದಲ್ಲಿ ಬಿತ್ತು. ಸತ್ತ 117 ಮಂದಿಯಲ್ಲಿ ಡಾ. ಹೋಮಿ ಭಾಭಾ ಒಬ್ಬರು. ಯುದ್ಧದ ವರ್ಷಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾಸ್ಮಿಕ್ ಕಿರಣಗಳ ಮೇಲೆ ಕೆಲಸ ಮಾಡಿದ್ದ ಭಾಭಾ ಅಂದು ಹೊರಟಿದ್ದದ್ದು ವಿಯೆನ್ನಾದ ಒಂದು ಸಭೆಗೆ. ಬೊಸ್ಸೋಂ ಹಿಮನದಿ ಆ ವಿಮಾನಗಳ ಚೂರುಗಳನ್ನು ವರ್ಷಗಳಿಂದ ಕೆಳಗೆ ತರುತ್ತಿದೆ. 2012ರಲ್ಲಿ ಭಾರತ ಸರ್ಕಾರದ ಟಪಾಲು ಚೀಲವೊಂದು ಸಿಕ್ಕಿತು. 2013ರಲ್ಲಿ ಪಚ್ಚೆ, ನೀಲಗಳ ಪೆಟ್ಟಿಗೆ ಕಂಡ ಪರ್ವತಾರೋಹಿಯೊಬ್ಬ ಅದನ್ನು ಪೊಲೀಸರಿಗೆ ಒಪ್ಪಿಸಿದ. 2020ರಲ್ಲಿ ಇಂದಿರಾ ಗಾಂಧಿ ಪ್ರಧಾನಿಯಾದ ಸುದ್ದಿ ಹೊತ್ತ 1966ರ ಭಾರತೀಯ ಪತ್ರಿಕೆಗಳು, ಇನ್ನೂ ಓದಲು ಬರುವ ಸ್ಥಿತಿಯಲ್ಲಿ, ಹೊರಬಂದವು.

ಕಣಿವೆಯ ಹಿಮನದಿಗಳೆಲ್ಲ ಈಗ ಬೇಗ ಸವೆಯುತ್ತಿವೆ. ಮೇರ್ ದ ಗ್ಲಾಸ್‌ನಲ್ಲಿ 1988ರಲ್ಲಿ ಕಟ್ಟಿದ ರೋಪ್‌ವೇ ಪ್ರವಾಸಿಗಳನ್ನು ಮಂಜುಗಡ್ಡೆಯ ಹತ್ತಿರಕ್ಕೇ ಇಳಿಸುತ್ತಿತ್ತು. ಮುಂದಿನ ದಶಕಗಳಲ್ಲಿ ಮಂಜುಗಡ್ಡೆ ತಗ್ಗಿದಂತೆಲ್ಲ ಮೆಟ್ಟಿಲು ಸೇರಿಸುತ್ತ ಹೋಗಿ ಅವು ಐನೂರನ್ನು ದಾಟಿದವು. 2024ರಲ್ಲಿ ಇನ್ನೂ ಮೇಲೊಂದು ಜಾಗದಲ್ಲಿ ಹೊಸ ರೋಪ್‌ವೇ ಹಾಕಿದರು. ಮೊದಲ ಚಳಿಗಾಲದ ಒಲಿಂಪಿಕ್ಸ್‌ಗೆ ನೂರು ತುಂಬಿದ ವರ್ಷವೂ ಅದೇ.

ಇತ್ತ ಜಿಗಿತದ ಲೆಕ್ಕ ಹೊರಬಿದ್ದದ್ದು 1974ರಲ್ಲಿ. ಶಮೋನಿಗೆ ಹೋಗಿ ಬಂದು ಐವತ್ತು ವರ್ಷವಾಯಿತೆಂದು ನಾರ್ವೆಯ ತಂಡದಲ್ಲಿ ಉಳಿದಿದ್ದವರು ಒಂದೆಡೆ ಸೇರಿದ್ದರು. ಹೌಗ್‌ನ ಬೆನ್ನಿಗೇ ಎರಡು ಬೆಳ್ಳಿ ಗೆದ್ದಿದ್ದ ಸ್ಟ್ರೋಮ್‌ಸ್ಟಾಡ್ ಅವರಿಗೆ ಆಗ 77 ವರ್ಷ. ಅವರೂ ಸ್ಕೀ ಇತಿಹಾಸಕಾರ ಯಾಕೋಬ್ ವಾಗೆ ಅವರೂ ಹಳೆಯ ಅಂಕಪಟ್ಟಿಯನ್ನು ನೋಡಿದಾಗ ಮೂರನೆಯ ಸ್ಥಾನದ ಲೆಕ್ಕ ಕೂಡಿಬರಲಿಲ್ಲ. ಹೌಗ್‌ಗೆ ಬರಬೇಕಾದದ್ದು 18.000 ಅಲ್ಲ, ಸರಿಯಾಗಿ ಲೆಕ್ಕ ಮಾಡಿದರೆ ಅದು ಹೌಗೆನ್‌ನ 17.916ಕ್ಕಿಂತ ಸುಮಾರು 0.1ರಷ್ಟು ಕಡಿಮೆಯಾಗುತ್ತಿತ್ತು. ಯಾರೂ ಮೋಸ ಮಾಡಿರಲಿಲ್ಲ. ಚಳಿಯಲ್ಲಿ ಕುಳಿತು ಕೂಡಿದವರ ಕೈ ತಪ್ಪಿತ್ತು, ಅಷ್ಟೆ. ಐವತ್ತು ವರ್ಷ ಯಾರೂ ಮತ್ತೆ ಕೂಡಿ ನೋಡಿರಲಿಲ್ಲ.

ಅವರು ಪಟ್ಟಿಯನ್ನು ಮಡಿಚಿಟ್ಟಿದ್ದರೆ ಯಾರಿಗೆ ತಿಳಿಯುತ್ತಿತ್ತು? ಪ್ರಶ್ನೆಯಲ್ಲಿದ್ದ ಪದಕ ಅವರ ದೇಶದ್ದು. ಅದನ್ನು ಗೆದ್ದವನು ನಾರ್ವೆಯ ಪ್ರತಿಮೆಯಾಗಿ ನಿಂತವನು, ತನ್ನ ಪರವಾಗಿ ಒಂದು ಮಾತನ್ನೂ ಆಡಲಾರದವನು. ಸ್ಟ್ರೋಮ್‌ಸ್ಟಾಡ್ ಅವರಿಗಂತೂ ಆತ ಒಟ್ಟಿಗೆ ಓಡಿದ ಗೆಳೆಯ. ಆದರೂ ವಿಷಯ ಒಲಿಂಪಿಕ್ ಸಮಿತಿಯ ತನಕ ಹೋಯಿತು, ಸಮಿತಿ ತಿದ್ದುಪಡಿಯನ್ನು ಒಪ್ಪಿತು.

ಆಂಡರ್ಸ್ ಹೌಗೆನ್ ಇನ್ನೂ ಇದ್ದರು. 85 ವರ್ಷದ ಅವರನ್ನು ಅಮೆರಿಕದಿಂದ ನಾರ್ವೆಗೆ ಕರೆಸಿಕೊಂಡರು. 1974ರ ಸೆಪ್ಟೆಂಬರ್ 12ರಂದು ನಡೆದ ಸಮಾರಂಭದಲ್ಲಿ ಥೋರ್ಲೀಫ್ ಹೌಗ್ ಅವರ ಮಗಳು ತಂದೆಯ ಕಂಚಿನ ಪದಕವನ್ನು ಅವರ ಕೈಗಿತ್ತರು. ಯುವಕನಾಗಿ ಬಿಟ್ಟುಹೋದ ನೆಲದಲ್ಲಿ ಮುದುಕನಾಗಿ ನಿಂತು ಅವರು ಅದನ್ನು ತೆಗೆದುಕೊಂಡರು. 2022ರ ಬೀಜಿಂಗ್ ಕೂಟದವರೆಗೂ ಸ್ಕೀ ಜಿಗಿತದಲ್ಲಿ ಅಮೆರಿಕಕ್ಕೆ ಸಂದ ಒಲಿಂಪಿಕ್ ಪದಕ ಅದೊಂದೇ.

ಹೌಗೆನ್ 1984ರಲ್ಲಿ, 95ನೆಯ ವಯಸ್ಸಿನಲ್ಲಿ ತೀರಿಕೊಂಡರು. 1924ರ ಪಟ್ಟಿಯಲ್ಲಿ ನಾರ್ವೆಯ ಹೆಸರಿನ ಮುಂದೆ ಈಗ ನಾಲ್ಕು ಚಿನ್ನ, ಏಳು ಬೆಳ್ಳಿ, ಆರು ಕಂಚು ಎಂದಿದೆ, ಒಟ್ಟು ಹದಿನೇಳು.